ಮೂಕಿಭಾರದ ಲೆಕ್ಕ: ಪಿಕಪ್ ಟ್ರಕ್ಕಿಗೆ ಟ್ರೇಲರ್ ಹೂಡಿದ ಆರು ತಿಂಗಳ ದಾಖಲೆ

ಏಪ್ರಿಲ್, ಎರಡನೆಯ ವಾರ

ಡೆನ್ವರ್‌ನ ಉತ್ತರ ದಿಕ್ಕಿನ ಬಡಾವಣೆಯಲ್ಲಿರುವ ನಮ್ಮ ಮನೆಯ ಮುಂದೆ ಕಳೆದ ಶನಿವಾರದಿಂದ ಇಪ್ಪತ್ತಾರು ಅಡಿ ಉದ್ದದ, ಎರಡು ಅಚ್ಚುಗಳ, ಒಬ್ಬರ ಕೈ ದಾಟಿ ಬಂದ, ಪ್ರವಾಸದಲ್ಲಿ ಮನೆಯಂತೆ ತಂಗುವ ಟ್ರಾವೆಲ್ ಟ್ರೇಲರ್ ನಿಂತಿದೆ. ಅದನ್ನು ಎಳೆಯಬೇಕಾದದ್ದು ನಾಲ್ಕು ವರ್ಷಗಳಿಂದ ನಮ್ಮ ಬಳಿಯಿರುವ, ಇಲ್ಲಿನವರು ಹಾಫ್ ಟನ್ ಎಂದು ಕರೆಯುವ ವರ್ಗದ ಪಿಕಪ್. ಟ್ರಕ್ಕಿನ ಪ್ರಚಾರ ಪುಸ್ತಿಕೆಯಲ್ಲಿ 9,800 ಪೌಂಡ್, ಅಂದರೆ ಸುಮಾರು 4,445 ಕಿಲೋ, ಎಳೆಯಬಲ್ಲದೆಂದು ಮುದ್ರಿಸಿದೆ. ಟ್ರೇಲರಿನ ಗರಿಷ್ಠ ಅನುಮತಿ ತೂಕ 7,000 ಪೌಂಡ್. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ಇನ್ನೂ 2,800 ಪೌಂಡ್ ಮಿಗುತ್ತದೆಯಲ್ಲ ಎಂಬ ಧೈರ್ಯದಿಂದಲೇ ನಾನು ಹಣ ಕೊಟ್ಟೆ.

ಚಾಲಕನ ಬಾಗಿಲನ್ನು ತೆರೆದರೆ ಕಾಣುವ ಕಂಬದ ಮೇಲೆ ಹಳದಿ ಅಂಚಿನ ಚೀಟಿಯೊಂದು ಅಂಟಿಕೊಂಡಿರುವುದನ್ನು ನಾಲ್ಕು ವರ್ಷಗಳಲ್ಲಿ ನಾನು ಒಮ್ಮೆಯೂ ಓದಿರಲಿಲ್ಲ. ಜನರೂ ಸಾಮಾನೂ ಸೇರಿದ ಒಟ್ಟು ತೂಕ 1,480 ಪೌಂಡ್ ಮೀರಕೂಡದೆಂದು ಅದರಲ್ಲಿದೆ. ಈ ಅಂಕಿ ಆ ಮಾದರಿಯ ಎಲ್ಲ ಟ್ರಕ್ಕುಗಳದ್ದಲ್ಲ, ಕಾರ್ಖಾನೆಯಿಂದ ಹೊರಬಿದ್ದ ಈ ಒಂದು ಟ್ರಕ್ಕಿನದ್ದು. ತೊಗಲಿನ ಆಸನ, ಗಾಜಿನ ಛಾವಣಿ, ನಾಲ್ಕು ಚಕ್ರಗಳ ಚಾಲನೆ ಎಂದು ನಾನು ಆಸೆಪಟ್ಟು ಸೇರಿಸಿಕೊಂಡ ಪ್ರತಿಯೊಂದು ಸೌಕರ್ಯವೂ ಈ ಅಂಕಿಯಿಂದಲೇ ಕಳೆದುಹೋಗಿರುತ್ತದೆ. ಪುಸ್ತಿಕೆಯ 9,800 ಮಾತ್ರ ಆ ಸಾಲಿನ ಅತ್ಯಂತ ಹಗುರವಾದ ಟ್ರಕ್ಕಿನದ್ದು.

ಮೇ, ಮೊದಲ ವಾರ

ಟ್ರೇಲರಿನ ಮೂತಿ ಟ್ರಕ್ಕಿನ ಹಿಂಬದಿಯ ಕೊಂಡಿಯ ಗುಂಡಿನ ಮೇಲೆ ಊರುವ ಭಾರಕ್ಕೆ ಇಂಗ್ಲಿಷಿನಲ್ಲಿ ಟಂಗ್ ವೇಟ್ ಎನ್ನುತ್ತಾರೆ. ನಾನು ಅದನ್ನು ಮೂಕಿಭಾರ ಎಂದು ಬರೆದುಕೊಳ್ಳುತ್ತೇನೆ, ಏಕೆಂದರೆ ಮಂಡ್ಯದ ಕಡೆಯ ನಮ್ಮ ಊರಿನಲ್ಲಿ ಎತ್ತಿನ ಗಾಡಿಗೆ ಕಬ್ಬು ಹೇರುವಾಗ ಅಜ್ಜ ನೋಡುತ್ತಿದ್ದದ್ದು ಇದನ್ನೇ. ಗಾಡಿ ಹಿಂಭಾರವಾದರೆ ಮೂಕಿ ಮೇಲೆದ್ದು ನೊಗದ ಕಣ್ಣಿ ಎತ್ತಿನ ಕೊರಳನ್ನು ಬಿಗಿಯುತ್ತದೆ, ಮುಂಭಾರ ಅತಿಯಾದರೆ ಹೆಗಲು ಕುಸಿಯುತ್ತದೆ. ಹೀಗಾಗಿ ತುಸು ಮುಂಭಾರವಿರುವಂತೆ ಹೇರಿ, ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿ, ಅನಂತರವೇ ಎತ್ತು ಹೂಡುತ್ತಿದ್ದರು. ಈ ಬಗೆಯ ಟ್ರೇಲರುಗಳಿಗೆ ಇಲ್ಲಿ ಒಪ್ಪಿತವಾದ ಲೆಕ್ಕವೆಂದರೆ ಒಟ್ಟು ತೂಕದ ಶೇ. 10ರಿಂದ 15ರಷ್ಟು ಮೂಕಿಯ ಮೇಲಿರಬೇಕು.

ಈ ಮೂಕಿಭಾರ ಟ್ರಕ್ಕಿನ ಪಾಲಿಗೆ ಎಳೆಯುವ ತೂಕವಲ್ಲ, ಹೊರುವ ತೂಕ, ಎಂದರೆ ಅದು ಬಾಗಿಲ ಚೀಟಿಯ 1,480ರಲ್ಲಿಯೇ ಅಡಗಬೇಕು ಎಂಬುದನ್ನು ಅರಿತ ದಿನ ನನ್ನ 2,800 ಪೌಂಡಿನ ಧೈರ್ಯ ಕರಗಿತು. ಪುಸ್ತಿಕೆಯ ಮಾತನ್ನು ನಂಬಿ 9,800 ಪೌಂಡಿನ ಟ್ರೇಲರನ್ನೇ ಕಟ್ಟಿದ್ದರೆ, ಶೇ. 13ರ ಲೆಕ್ಕದಲ್ಲಿ ಮೂಕಿಭಾರ 1,274 ಪೌಂಡ್ ಆಗುತ್ತಿತ್ತು. ಉಳಿಯುತ್ತಿದ್ದ 206 ಪೌಂಡಿನಲ್ಲಿ 175 ಪೌಂಡಿನ ನಾನು ಮತ್ತು ಟ್ರೇಲರ್ ಕಟ್ಟುವ ಕೊಂಡಿಯಾದ 95 ಪೌಂಡಿನ ಹಿಚ್ ಎರಡೂ ಹಿಡಿಸುವುದಿಲ್ಲ, ಹೆಂಡತಿ ಮಕ್ಕಳನ್ನು ಮನೆಯಲ್ಲಿ ಬಿಟ್ಟರೂ ಹಿಡಿಸುವುದಿಲ್ಲ. ಪುಸ್ತಿಕೆಯ ಅಂಕಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದರ ಹಿಂದೆ ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ಜೆ2807 ಎಂಬ ಮಾನದಂಡವಿದೆ, ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ 11.4 ಮೈಲಿ ಉದ್ದದ ಏರನ್ನು 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ, ಏರ್ ಕಂಡೀಷನರ್ ಪೂರ್ತಿ ಹಾಕಿಕೊಂಡು, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕೆಂಬ ಕಠಿಣ ಪರೀಕ್ಷೆಯೂ ಅದರಲ್ಲಿದೆ. ಆದರೆ ಆ ಮಾನದಂಡದ ಟ್ರಕ್ಕಿನಲ್ಲಿ ಕೂರುವವರು ತಲಾ 150 ಪೌಂಡಿನ ಇಬ್ಬರು ಮಾತ್ರ. ಹದಿಹರೆಯದ ಇಬ್ಬರು ಮಕ್ಕಳಾಗಲಿ, ಅವರ ಸೈಕಲ್ಲುಗಳಾಗಲಿ, ಅಕ್ಕಿ ಮೂಟೆಯಾಗಲಿ ಅಲ್ಲಿಲ್ಲ.

ಮೇ, ಮೂರನೆಯ ವಾರ

ಹೆದ್ದಾರಿಯ ಪಕ್ಕದ ಟ್ರಕ್ ಸ್ಟಾಪಿನಲ್ಲಿರುವ ಕ್ಯಾಟ್ ಸ್ಕೇಲಿನಲ್ಲಿ ಇಂದು ತೂಕ ಮಾಡಿಸಿದೆವು. ಉದ್ದಕ್ಕೆ ಹಾಸಿದ ಮೂರು ಹಲಗೆಗಳ ಮೇಲೆ ಟ್ರಕ್ಕಿನ ಮುಂದಿನ ಅಚ್ಚು, ಹಿಂದಿನ ಅಚ್ಚು ಮತ್ತು ಟ್ರೇಲರಿನ ಅಚ್ಚುಗಳು ಬೇರೆಬೇರೆಯಾಗಿ ನಿಲ್ಲುವುದರಿಂದ ಮೂರರ ತೂಕವೂ ಪ್ರತ್ಯೇಕವಾಗಿ ಚೀಟಿಯಲ್ಲಿ ಬರುತ್ತದೆ, 24 ಗಂಟೆಗಳ ಒಳಗೆ ಅದೇ ಜಾಗದಲ್ಲಿ ಮತ್ತೆ ತೂಗಿಸಿದರೆ ಶುಲ್ಕವೂ ಕಡಿಮೆ. ಕರೆಗುಂಡಿ ಲಾರಿ ಚಾಲಕರ ಎತ್ತರಕ್ಕೆ ಇರುವುದರಿಂದ ಮಗಳು ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಒತ್ತಬೇಕಾಯಿತು. ನಾವು ಮೂರು ಸಲ ತೂಗಿಸಿದೆವು: ಮೊದಲು ಟ್ರಕ್ ಒಂದನ್ನೇ, ಆಮೇಲೆ ಭಾರ ಹಂಚುವ ಹಿಚ್ಚಿನ ಸರಳುಗಳನ್ನು ಬಿಗಿಯದೆ ಟ್ರೇಲರ್ ಕಟ್ಟಿ, ಕೊನೆಗೆ ಸರಳುಗಳನ್ನು ಬಿಗಿದು.

ನಾವು ನಾಲ್ವರು, ಹಿಂದಿನ ತೊಟ್ಟಿಯಲ್ಲಿ 190 ಪೌಂಡಿನ ಸಾಮಾನು, ಹಿಚ್ ಎಲ್ಲವೂ ಸೇರಿ ಟ್ರಕ್ ಒಂದೇ 6,360 ಪೌಂಡ್ ತೂಗಿತು. ಟ್ರೇಲರನ್ನು ಕಟ್ಟಿದೊಡನೆ ಟ್ರಕ್ಕಿನ ಎರಡು ಅಚ್ಚುಗಳ ಮೊತ್ತ 7,180ಕ್ಕೆ ಏರಿತು. ವ್ಯತ್ಯಾಸವಾದ 820 ಪೌಂಡೇ ಮೂಕಿಭಾರ, ಅದು ಟ್ರೇಲರಿನ 6,320 ಪೌಂಡ್ ತೂಕದ ಶೇ. 13. ಸ್ವಂತ ತೂಕವೂ ಹೊರೆಯೂ ಸೇರಿ ಟ್ರಕ್ಕಿನ ಒಟ್ಟು ಮಿತಿ 7,000 ಆಗಿರುವುದರಿಂದ ಅಲ್ಲಿಗೇ 180 ಪೌಂಡ್ ಹೆಚ್ಚಾಯಿತು. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಅಚ್ಚುಗಳ ಲೆಕ್ಕ. ಗುಂಡು ಹಿಂದಿನ ಅಚ್ಚಿನಿಂದ ಐದು ಅಡಿ ಹಿಂದಿರುವುದರಿಂದ ಅಲ್ಲಿ ಊರಿದ ಭಾರ ಹಾರೆಯಿಂದ ಮೀಟಿದಂತೆ ಟ್ರಕ್ಕಿನ ಮುಂಭಾಗವನ್ನು ಮೇಲೆತ್ತುತ್ತದೆ: ಮುಂದಿನ ಅಚ್ಚು 3,240ರಿಂದ 2,900ಕ್ಕೆ ಇಳಿದು, ಹಿಂದಿನದು 3,120ರಿಂದ 4,280ಕ್ಕೆ ಏರಿತ್ತು. ಹಿಂದಿನ ಅಚ್ಚಿನ ಮಿತಿ 3,950. ತಿರುಗಿಸುವ ಚಕ್ರಗಳ ಮೇಲೆ ಭಾರ ಕಡಿಮೆಯಾದರೆ ಸ್ಟಿಯರಿಂಗಿನ ಹಿಡಿತವೂ ಮುಂದಿನ ಬ್ರೇಕುಗಳ ಹಿಡಿತವೂ ಸಡಿಲವಾಗುತ್ತವೆ.

ಸರಳುಗಳನ್ನು ಬಿಗಿದ ಮೇಲೆ ಮುಂದಿನ ಅಚ್ಚು 3,120ಕ್ಕೆ ಮರಳಿತು, ಹಿಂದಿನದು 3,940ಕ್ಕೆ ಇಳಿಯಿತು, 120 ಪೌಂಡ್ ಟ್ರೇಲರಿನ ಅಚ್ಚುಗಳ ಕಡೆಗೆ ಹೋಯಿತು. ಹಿಂದಿನ ಅಚ್ಚು ಹತ್ತು ಪೌಂಡಿನ ಅಂತರದಲ್ಲಿ ಪಾರಾಯಿತು. ಆದರೆ ಒಟ್ಟು 7,060 ಆಗಿ ಇನ್ನೂ 60 ಪೌಂಡ್ ಮಿಗಿಲಾಗಿಯೇ ಉಳಿಯಿತು. ಇಂಥ ಹಿಚ್ ಹಾಕಿಕೊಂಡರೆ ಟ್ರಕ್ಕಿನ ಶಕ್ತಿ ಹೆಚ್ಚುತ್ತದೆಂದು ಹೇಳುವವರನ್ನು ನಾನು ಬಹಳ ಮಂದಿಯನ್ನು ಕಂಡಿದ್ದೇನೆ. ಅದು ಇರುವ ಭಾರವನ್ನು ಹಂಚುತ್ತದೆಯೇ ಹೊರತು ಬಾಗಿಲ ಚೀಟಿಯನ್ನು ತಿದ್ದುವುದಿಲ್ಲ.

ಜೂನ್

ಭಾರ ಇಳಿಸುವ ಉತ್ಸಾಹದಲ್ಲಿ ನಾನು ಮಾಡಿದ ತಪ್ಪನ್ನು ವಿವರವಾಗಿಯೇ ಬರೆದಿಡಬೇಕು. ಟ್ರೇಲರಿನ ನೀರಿನ ತೊಟ್ಟಿ ಅಚ್ಚುಗಳಿಗಿಂತ ಮುಂದಿದೆ. ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುವುದರಿಂದ ಅದನ್ನು ಖಾಲಿ ಮಾಡಿದೊಡನೆ 300 ಪೌಂಡ್ ಕಡಿಮೆಯಾಯಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ಟ್ರಕ್ಕಿನ ತೊಟ್ಟಿಯಲ್ಲಿದ್ದ ಸೈಕಲ್ಲುಗಳನ್ನು ಟ್ರೇಲರಿನ ಹಿಂಬದಿಯ ಬಂಪರಿಗೆ ಸ್ಟ್ಯಾಂಡ್ ಹಾಕಿ ಏರಿಸಿದೆ, ಸ್ಟ್ಯಾಂಡ್ ಸೇರಿ 160 ಪೌಂಡ್. ಮುಂದಿನ ಪೆಟ್ಟಿಗೆಯಲ್ಲಿದ್ದ ಉಪಕರಣಗಳನ್ನು ಹಿಂದಿನ ಅಡುಗೆ ಕಪಾಟಿಗೆ ಸಾಗಿಸಿದೆ. ಟ್ರಕ್ ಹಗುರವಾಯಿತೆಂದು ಬೀಗಿ, ತೂಗಿಸದೆಯೇ ಫೋರ್ಟ್ ಮಾರ್ಗನ್ ಬಳಿಯ ಜಾಕ್ಸನ್ ಲೇಕ್ ಉದ್ಯಾನಕ್ಕೆ ಹೊರಟೆವು.

76ನೆಯ ಅಂತರರಾಜ್ಯ ಹೆದ್ದಾರಿ ಮರಗಳಿಲ್ಲದ ಬಯಲಿನಲ್ಲಿ ಸಾಗುತ್ತದೆ, ಅಡ್ಡಗಾಳಿಗೆ ತಡೆಯೇ ಇಲ್ಲ. ಗಂಟೆಗೆ 68 ಮೈಲಿ ವೇಗದಲ್ಲಿದ್ದಾಗ ದೊಡ್ಡ ಲಾರಿಯೊಂದು ಎಡದಿಂದ ದಾಟಿತು. ಅದರ ಮೂತಿ ತಳ್ಳಿದ ಗಾಳಿಗೆ ಟ್ರೇಲರಿನ ಹಿಂಭಾಗ ಒಮ್ಮೆ ಬಲಕ್ಕೆ ಸರಿದು, ಮರಳಿ ಎಡಕ್ಕೆ ಬಂದು, ಮೂರನೆಯ ಸಲ ಮೊದಲಿಗಿಂತ ಹೆಚ್ಚು ಬಲಕ್ಕೆ ತೂಗಿತು. ತಾನಾಗಿ ಅಡಗಬೇಕಾದ ತೂಗಾಟ ಬೆಳೆಯುತ್ತಿತ್ತು. ಇಂಥ ಹೊತ್ತಿನಲ್ಲಿ ಟ್ರಕ್ಕಿನ ಬ್ರೇಕ್ ತುಳಿದರೆ ಟ್ರೇಲರ್ ಹಿಂದಿನಿಂದ ನೂಕಿ ಟ್ರಕ್ಕನ್ನೇ ಮಡಚಬಹುದು, ಸ್ಟಿಯರಿಂಗಿನಿಂದ ಎದುರು ಹೊಡೆದರೆ ನಮ್ಮ ಕೈ ಸದಾ ಅರ್ಧ ಕ್ಷಣ ತಡವಾಗಿ ತೂಗಾಟಕ್ಕೇ ಒತ್ತು ಕೊಡುತ್ತದೆ ಎಂದು ಓದಿದ್ದೆ. ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿನ ವಿದ್ಯುತ್ ಬ್ರೇಕುಗಳನ್ನು ಚಾಲಕನ ಬಳಿಯಿಂದಲೇ ಆಳುವ ನಿಯಂತ್ರಕದ ಸನ್ನೆಕೋಲನ್ನು ಕೈಯಿಂದ ಒತ್ತಿ ಆ ಬ್ರೇಕುಗಳನ್ನು ಮಾತ್ರ ಹಿಡಿಸಿದೆ. ಹಗ್ಗ ಜಗ್ಗಿದಂತಾಗಿ ಟ್ರೇಲರ್ ನೇರವಾಯಿತು. ಉಳಿದ ದಾರಿಯನ್ನು 55 ಮೈಲಿಯಲ್ಲಿ ಮುಗಿಸಿದೆವು; ಆ ಹೊತ್ತಿನಲ್ಲಿ ಟ್ರಕ್ಕಿನೊಳಗೆ ಯಾರೂ ಮಾತನಾಡಲಿಲ್ಲ.

ಮರಳುವಾಗ ತೂಗಿಸಿದರೆ ಟ್ರೇಲರ್ 6,180 ಪೌಂಡ್, ಮೂಕಿಭಾರ ಕೇವಲ 540, ಎಂದರೆ ಶೇ. 8.7. ಅಜ್ಜನಾಗಿದ್ದರೆ ಮೂಕಿ ಎತ್ತಿ ನೋಡಿದೊಡನೆ ಹಿಂಭಾರವೆಂದು ಹೇಳಿ ಕಬ್ಬಿನ ಹೊರೆ ಸರಿಸುತ್ತಿದ್ದರು. ಅಚ್ಚಿನಿಂದ ದೂರ, ಕಟ್ಟಕಡೆಯಲ್ಲಿ ತೂಗುಹಾಕಿದ ಭಾರ ಮೂಕಿಯನ್ನು ಹಗುರಗೊಳಿಸುವುದಷ್ಟೇ ಅಲ್ಲ, ಒಮ್ಮೆ ಅಲುಗಾಡಿದ ಟ್ರೇಲರನ್ನು ನಿಲ್ಲಗೊಡುವುದೂ ಇಲ್ಲ. ವೇಗ ಹೆಚ್ಚಿದಂತೆ ತೂಗಾಟವನ್ನು ಅಡಗಿಸುವ ಗುಣ ಕುಗ್ಗುತ್ತದೆ. 60ರಲ್ಲಿ ಸಾಧುವಾಗಿದ್ದ ಟ್ರೇಲರ್ 68ರಲ್ಲಿ ಮೊಂಡಾದದ್ದಕ್ಕೆ ಕಾರಣವಿದೇ.

ಜುಲೈ

ಸೈಕಲ್ಲುಗಳು ಈಗ ಟ್ರೇಲರಿನ ಒಳಗೆ, ಅಚ್ಚುಗಳ ನೇರಕ್ಕೆ, ನೆಲದ ಮೇಲೆ ಮಲಗಿ ಪ್ರಯಾಣ ಮಾಡುತ್ತವೆ. ಬಂಪರಿನ ಸ್ಟ್ಯಾಂಡನ್ನು ಮಾರಿದ್ದಾಯಿತು. ಜನರೇಟರ್ ಮನೆಯಲ್ಲಿ ಉಳಿಯಿತು, ಎರಕದ ಕಾವಲಿಗಳಲ್ಲಿ ದೋಸೆಯದೊಂದು ಮಾತ್ರ ಉಳಿಯಿತು, ಈ ವಿಷಯದಲ್ಲಿ ಹೆಂಡತಿಯ ಮಾತೇ ಗೆದ್ದಿತು. ಹೊಸ ತೂಕ: ಟ್ರೇಲರ್ 6,100, ಮೂಕಿಭಾರ 700, ಶೇ. 11.5. ಸರಳು ಬಿಗಿದಾಗ ಮುಂದಿನ ಅಚ್ಚು 3,120, ಹಿಂದಿನದು 3,700, ಟ್ರಕ್ಕಿನ ಮೊತ್ತ 6,820, ಟ್ರೇಲರಿನ ಅಚ್ಚುಗಳ ಮೇಲೆ 5,520. ಮೊದಲ ಬಾರಿಗೆ ಎಲ್ಲ ಅಂಕಿಗಳೂ ತಮ್ಮ ತಮ್ಮ ಮಿತಿಗಳ ಒಳಗಿವೆ. ಸರಳುಗಳಿಲ್ಲದೆಯೂ ಟ್ರಕ್ಕಿನ ಮೊತ್ತ 6,940 ಮಾತ್ರ ಆಗುತ್ತದೆಂಬುದು ನನಗೆ ಹೆಚ್ಚು ಸಮಾಧಾನ ಕೊಟ್ಟಿತು.

ಟೈರುಗಳ ಕೆಲಸವೂ ಮುಗಿಯಿತು. ಟೈರಿನ ಪಕ್ಕೆಯ ಮೇಲಿನ ನಾಲ್ಕಂಕಿಯ ಸಂಖ್ಯೆ 2316 ಎಂದಿತ್ತು, ಅಂದರೆ 2016ರ 23ನೆಯ ವಾರದಲ್ಲಿ ತಯಾರಾದವು, ತೇದಿರದಿದ್ದರೂ ವಯಸ್ಸಾಗಿತ್ತು. ಅದೇ ಅಳತೆಯಲ್ಲಿ, ತಲಾ 1,760 ಪೌಂಡ್ ಹೊರುವ ಸಿ ದರ್ಜೆಯ ಬದಲು 2,040 ಪೌಂಡ್ ಹೊರುವ ಡಿ ದರ್ಜೆಯವನ್ನು ಹಾಕಿಸಿದೆ, ಚಕ್ರದ ರಿಮ್ಮು 65 ಪಿಎಸ್‌ಐ ಗಾಳಿಯೊತ್ತಡ ತಾಳುತ್ತದೆಯೇ ಎಂದು ಮೊದಲೇ ಪರೀಕ್ಷಿಸಿಕೊಂಡು.

ಸೆಪ್ಟೆಂಬರ್

ಮಕ್ಕಳಿಗೆ 70ನೆಯ ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗ ದಾಟಿ ಪಶ್ಚಿಮಕ್ಕೆ ಹೋಗುವ ಆಸೆಯಿತ್ತು. ಟ್ರಕ್ಕಿನ ಕೈಪಿಡಿ ಬೇರೆ ಮಾತು ಹೇಳಿತು. ಟ್ರಕ್ಕೂ ಟ್ರೇಲರೂ ಸೇರಿದ ಮಿತಿ 15,500 ಪೌಂಡ್ ನಿಜ, ಆದರೆ ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ ಎಂಜಿನ್ನಿನ ಬಲ ಕುಗ್ಗುವುದರಿಂದ ಪ್ರತಿ 1,000 ಅಡಿಗೆ ಶೇ. 2ರಷ್ಟು ಕಳೆಯಬೇಕೆಂದು ಅದರಲ್ಲಿದೆ. ಸುರಂಗವಿರುವುದು 11,000 ಅಡಿಗೂ ಮೇಲೆ; ಅಲ್ಲಿ ಮಿತಿ 12,090ಕ್ಕೆ ಇಳಿಯುತ್ತದೆ, ನಮ್ಮದು 12,340. ಎರಡೂವರೆ ನೂರು ಪೌಂಡಿಗೆ ಏನಾದೀತು ಎಂದು ಗೆಳೆಯರು ನಕ್ಕರು. ಏನೂ ಆಗದಿರಬಹುದು, ಆದರೆ ಮೇ ತಿಂಗಳಿನಿಂದ ಪೌಂಡ್ ಪೌಂಡಾಗಿ ಇಳಿಸಿದವನಿಗೆ ಆ ವಾದ ರುಚಿಸಲಿಲ್ಲ. ದಕ್ಷಿಣಕ್ಕೆ ಹೋಗಿ, ವಾಲ್ಸನ್‌ಬರ್ಗ್‌ನಲ್ಲಿ ತಿರುಗಿ, 9,413 ಅಡಿಯ ಉತ್ತರ ಲಾ ವೀಟಾ ಕಣಿವೆದಾರಿಯನ್ನು ದಾಟಿ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ಮರಳುದಿಬ್ಬಗಳಿಗೆ ಹೋದೆವು. ಆ ಎತ್ತರದಲ್ಲಿ ಮಿತಿ 12,580ರ ಆಸುಪಾಸು, ನಮಗೆ ಸಾಕು.

ಮರಳುವಾಗ ಇಳಿಜಾರಿನ ತಲೆಯಲ್ಲಿಯೇ, ಭಾರ ಎಳೆಯುವಾಗ ಬಳಸುವ ಟೋ-ಹಾಲ್ ಗುಂಡಿ ಒತ್ತಿ, ಕೆಳಗಿನ ಗೇರಿಗೆ ಇಳಿಸಿ, 45 ಮೈಲಿಯಲ್ಲಿ ಇಳಿಯತೊಡಗಿದೆವು. ಬ್ರೇಕನ್ನು ಕಾಲಿನ ಕೆಳಗೆ ಸದಾ ಅದುಮಿಟ್ಟರೆ ಕಾದು ಹಿಡಿತ ಬಿಡುತ್ತದೆ. ಆದ್ದರಿಂದ ವೇಗ 50 ಮುಟ್ಟಿದಾಗ ಗಟ್ಟಿಯಾಗಿ ತುಳಿದು 40ಕ್ಕೆ ಇಳಿಸಿ ಪೂರ್ತಿ ಬಿಡುವುದು, ಎಂಜಿನ್ ತಾನೇ ತಡೆಯುವಷ್ಟು ತಡೆಯಲೆಂದು ಕಾಯುವುದು, ಮತ್ತೆ ತುಳಿಯುವುದು. ಕೆಳಗೆ ನಿಲ್ಲಿಸಿ ಇನ್‌ಫ್ರಾರೆಡ್ ತಾಪಮಾಪಕದಿಂದ ಟ್ರೇಲರಿನ ಬ್ರೇಕ್ ಡ್ರಮ್ಮುಗಳನ್ನು ನೋಡಿದೆ. ಮೂರು 170 ಡಿಗ್ರಿ ಫ್ಯಾರನ್‌ಹೀಟ್‌ನ ಹತ್ತಿರವಿದ್ದವು, ಬಲಗಡೆಯ ಹಿಂದಿನದು 95. ತಣ್ಣಗಿರುವ ಡ್ರಮ್ಮೆಂದರೆ ಕೆಲಸ ಮಾಡದ ಬ್ರೇಕ್.

ಅಕ್ಟೋಬರ್

ಬ್ರೇಕಿನ ನೀಲಿ ತಂತಿಗೆ ಆಮ್ಮೀಟರ್ ಹಾಕಿದಾಗ ನಾಲ್ಕು ವಿದ್ಯುತ್ಕಾಂತಗಳಿಗೆ ತಲಾ 3ರಂತೆ 12 ಆಂಪಿಯರ್ ಬರಬೇಕಾದಲ್ಲಿ 9 ಮಾತ್ರ ಬಂತು. ಎಡಗಡೆಯಿಂದ ಬಲಗಡೆಗೆ ತಂತಿ ಹಾಯುವುದು ಅಚ್ಚಿನ ಕೊಳವೆಯ ಒಳಗೆ. ಅಲ್ಲಿ ಅದು ಕುಲುಕಾಟಕ್ಕೆ ಲೋಹಕ್ಕೆ ಉಜ್ಜಿ ಕತ್ತರಿಸಿಹೋಗಿತ್ತು. ಜೂನ್ ತಿಂಗಳಿನಲ್ಲಿ ಸನ್ನೆಕೋಲು ಒತ್ತಿದಾಗ ನಮ್ಮನ್ನು ಹಿಡಿದು ನಿಲ್ಲಿಸಿದ್ದು ನಾಲ್ಕು ಬ್ರೇಕುಗಳೋ ಮೂರೋ ಹೇಳಲಾರೆ. ಹೊಸ ತಂತಿಯನ್ನು ಅಚ್ಚಿನ ಹೊರಮೈಗೆ, ರಬ್ಬರಿನ ಕವಚ ತೊಡಿಸಿ ಕಟ್ಟಿದ್ದೇನೆ. ಈಗ 11.8 ಆಂಪಿಯರ್ ತೋರಿಸುತ್ತಿದೆ. ಬಲ ಹೆಚ್ಚಿರುವುದರಿಂದ ನಿಯಂತ್ರಕದ ಹಳೆಯ ಹೊಂದಿಕೆ ಇನ್ನು ನಡೆಯದು. ಭಾನುವಾರ ಬೆಳಿಗ್ಗೆ ಖಾಲಿ ಮೈದಾನಕ್ಕೆ ಹೋಗಿ, 25 ಮೈಲಿ ವೇಗದಲ್ಲಿ ಸನ್ನೆಕೋಲು ಒತ್ತುತ್ತಾ, ಚಕ್ರಗಳು ಕಚ್ಚಿಕೊಳ್ಳುವವರೆಗೆ ಏರಿಸಿ ಅಲ್ಲಿಂದ ತುಸು ಇಳಿಸಬೇಕು.