ಬ್ರೇಕ್ ಹಾಕದೆ ಬ್ಯಾಟರಿ ಬಿಚ್ಚಬೇಡ್ರಪ್ಪಾ

ಮನೆಗಳಿಗೆ ಸಣ್ಣ ವಿಂಡ್ ಟರ್ಬೈನ್ ಕಟ್ಟಿ ಕೂರಿಸೋದು ನಮ್ಮ ಕೆಲಸ, ಜಾಸ್ತಿ ಗದಗ, ಮುಂಡರಗಿ ಕಡೆ, ಕಪ್ಪತಗುಡ್ಡದ ಸುತ್ತಮುತ್ತ. ಗುಡ್ಡದ ಮೇಲೆ ದೊಡ್ಡ ದೊಡ್ಡ ಫ್ಯಾನ್ ತಿರುಗೋದನ್ನ ದಿನಾ ನೋಡೋ ಜನ, ಹಂಗಾಗಿ "ನಮ್ಮ ತ್ವಾಟದ ಮನಿಗೂ ಒಂದ್ ಸಣ್ಣದು ಹಾಕಿ ಕೊಡ್ರಿ" ಅಂತ ಬರ್ತಾರೆ. ಹೋದ ಆಷಾಢದಲ್ಲಿ ಅಂಥ ಒಂದು ಸೈಟಲ್ಲಿ ನಡೆದಿದ್ದು ಇದು. ಈಗ ಸುಮಾರು ಹುಡುಗರು ಸೋಲಾರ್ ಕಲ್ತು ಸೀದಾ ಗಾಳಿ ಕೆಲಸಕ್ಕೆ ಬರ್ತಿದಾರೆ, ಅವರು ಓದಬೇಕು ಅಂತಾನೇ ಬರೀತಿದೀನಿ.

ಮಷಿನ್ 2.4 ಮೀಟರ್ ಅಡ್ಡಳತೆಯ ರೋಟರ್ (ಬ್ಲೇಡ್ ಕೂರಿಸಿದ ತಿರುಗೋ ಚಕ್ರ), ಮೂರು ಮರದ ಬ್ಲೇಡ್, ಎರಡು ಟ್ಯೂಬುಲರ್ ಬ್ಯಾಟರಿ ಸೀರೀಸಲ್ಲಿ ಹಾಕಿ 24 ವೋಲ್ಟ್. ಗಾಳಿ ಸೆಕೆಂಡಿಗೆ 10 ಮೀಟರ್ ಇದ್ರೆ 700 ವಾಟ್ ಆಸುಪಾಸು ಬರತ್ತೆ, 5ಕ್ಕೆ ಇಳಿದ್ರೆ ಅರ್ಧ ಅಲ್ಲ, ಎಂಟನೇ ಒಂದು ಭಾಗ. ಸೇಲ್ಸ್‌ನವರು ಇದನ್ನ ಗಿರಾಕಿಗೆ ಹೇಳಲ್ಲ, ಮೂರು ತಿಂಗಳಾದ ಮೇಲೆ ಫೋನ್ ಬರೋದು ನಮಗೆ. ಇರ್ಲಿ, ಅದು ಬೇರೆ ಕಥೆ.

ಅವತ್ತು ಹೋಗಿದ್ದು ಬರೀ ಟವರ್ ಬೀಳದಂಗೆ ಎಳೆದು ಹಿಡಿದಿರೋ ಗೈ ವೈರ್ ಟೈಟ್ ಮಾಡೋಕೆ. ನಾನು ಟರ್ನ್‌ಬಕಲ್ ತಿರುಗಿಸ್ತಾ ಕೂತಿದ್ದೆ, ಮೇಲೆ ಮಷಿನ್ ಚೆನ್ನಾಗಿ ಲೋಡಲ್ಲಿ, ಅಂದ್ರೆ ಬ್ಯಾಟರಿಗೆ ಕರೆಂಟ್ ತುಂಬ್ತಾ, ಗುಂಯ್ ಅಂತಿತ್ತು. ಅದೇ ಹೊತ್ತಿಗೆ ಬ್ಯಾಟರಿ ಅಂಗಡಿ ಹುಡುಗ ಬಂದು ಮನೆ ಒಳಗೆ ಟರ್ಮಿನಲ್ ಕ್ಲೀನ್ ಮಾಡೋಕೆ ಶುರು ಮಾಡಿದಾನೆ, ನನಗೆ ಗೊತ್ತಿಲ್ಲ, ಮನೆ ಯಜಮಾನ್ರು ಗೌಡ್ರು ಹೊಲದ ಕಡೆ ಹೋಗಿದ್ರು, ಅವನು ಬಂದಿದ್ದನ್ನ ನನಗೆ ಹೇಳೋರು ಯಾರೂ ಇಲ್ಲ. ಇನ್ವರ್ಟರ್ ಆಫ್ ಮಾಡಿ ಪಾಸಿಟಿವ್ ಕ್ಲಾಂಪ್ ಬಿಚ್ಚಿದ. ಅವನ ಲೆಕ್ಕದಲ್ಲಿ ಅದು ಸರಿ. ಸೋಲಾರ್ ಪ್ಯಾನಲ್ ಆಗಿದ್ರೆ ಏನೂ ಆಗ್ತಿರ್ಲಿಲ್ಲ, ವೈರ್ ಬಿಚ್ಚಿದ್ರೆ ಪ್ಯಾನಲ್ ಬಿಸಿಲಲ್ಲಿ ಸುಮ್ನೆ ಇರತ್ತೆ. ಟರ್ಬೈನ್ ಸುಮ್ನಿರಲ್ಲ. ಕರೆಂಟ್ ಎಳ್ಕೊಳ್ಳೋರಿದ್ರೇನೇ ಆಲ್ಟರ್ನೇಟರ್ (ಕರೆಂಟ್ ಹುಟ್ಟಿಸೋ ಭಾಗ) ಬ್ಲೇಡನ್ನ ಹಿಡಿದಿರೋದು, ಬ್ಯಾಟರಿ ಹೋಯ್ತು ಅಂದ್ರೆ ಮೂಗುದಾರ ಹರ್ಕೊಂಡ ಹೋರಿ ಅದು.

ಮೊದಲು ಸದ್ದು ಬದಲಾಯ್ತು. ಗುಂಯ್ ಅನ್ನೋದು ಹೋಗಿ ಸೀಟಿ ಹೊಡೆದಂಗೆ, ಆಮೇಲೆ ಬಟ್ಟೆ ಹರಿದಂಗೆ. ಕೈಯಲ್ಲಿದ್ದ ಗೈ ವೈರ್ ನಡುಗೋಕೆ ಶುರುವಾಯ್ತು. 2.4 ಮೀಟರ್ ರೋಟರ್ 600 ಆರ್‌ಪಿಎಂ ಮುಟ್ಟಿದ್ರೆ ಬ್ಲೇಡ್ ತುದಿ ಗಂಟೆಗೆ 270 ಕಿಲೋಮೀಟರ್ ವೇಗದಲ್ಲಿರತ್ತೆ, ಅದರ ಕೆಳಗೆ ನಾನು ಮಂಡಿಯೂರಿ ಕೂತಿದೀನಿ. ಹಿಂದಿನ ಟೇಲ್ (ಬಾಲ) ಮಡಚ್ಕೊಂಡು, ಮಷಿನ್ ಗಾಳಿಯಿಂದ ಮುಖ ತಿರುಗಿಸಿ ತಾನೇ ಹತೋಟಿಗೆ ಬರತ್ತೆ ಅಂತ ಒಂದು ಗಳಿಗೆ ನೋಡ್ತಾ ನಿಂತೆ, ಆ ನಿಂತಿದ್ದು ತಪ್ಪು. ಟೇಲ್ ಮಡಚ್ತಿತ್ತು, ಗಾಳಿ ಚೂರು ಸಡಿಲಾದ ಕೂಡ್ಲೇ ಮತ್ತೆ ನೆಟ್ಟಗಾಗಿ ಮುಖ ಗಾಳಿಗೆ ಕೊಡ್ತಿತ್ತು.

ಬ್ರೇಕ್ ಸ್ವಿಚ್ ಇದ್ದಿದ್ದು ಮನೆ ಒಳಗೆ. ಆಫೀಸಿನ ಡ್ರಾಯಿಂಗಲ್ಲಿ ಹಾಗೇ ಇದೆ, ಹೊರಗಿನ ಬಾಕ್ಸಿಗೆ ದುಡ್ಡು ಜಾಸ್ತಿ ಅಂತ. ಓಡಿ ಹೋದ್ರೆ ಸ್ವಿಚ್ ಮುಂದೆ ಯೂರಿಯಾ ಚೀಲ ಪೇರಿಸಿಟ್ಟಿದಾರೆ. ಚೀಲದ ಮೇಲೆ ಹತ್ತಿ ಕೈ ಚಾಚಿದೆ, ವೋಲ್ಟ್ ಮೀಟರ್ ಮುಳ್ಳು ಕೊನೆಗೆ ಹೋಗಿ ಅಂಟ್ಕೊಂಡಿತ್ತು. ಹುಡುಗ ಹೆದರಿ "ಹಾಕ್ರೀ ಸರ, ಬ್ರೇಕ್ ಹಾಕ್ರೀ" ಅಂತ ಕೂಗ್ತಿದ್ದ.

ಹಾಕ್ಲಿಲ್ಲ. ಆಲ್ಟರ್ನೇಟರಿನ ಮೂರು ಫೇಸ್ ವೈರನ್ನ ಒಂದಕ್ಕೊಂದು ಸೇರಿಸಿ ಶಾರ್ಟ್ ಮಾಡೋ ಬ್ರೇಕ್ ಅದು, ಮಷಿನ್ ನಿಧಾನ ಇದ್ದಾಗ ಕತ್ತು ಹಿಡಿದಂಗೆ ನಿಲ್ಲಿಸತ್ತೆ, ಆದ್ರೆ ಪೂರ್ತಿ ಓವರ್‌ಸ್ಪೀಡಲ್ಲಿದ್ದಾಗ ಜೋರು ಗಾಳಿಯಲ್ಲೇ ಹಾಕಿದ್ರೆ ಬ್ಲೇಡ್ ವೇಗ ಕಳ್ಕೊಳ್ಳದೇನೇ ತಿರುಗ್ತಾ ಸ್ಟೇಟರ್ (ಆಲ್ಟರ್ನೇಟರಿನ ತಿರುಗದ ಭಾಗ) ಕಾಯಿಲ್ ಸುಟ್ಟು ಹೋಗಬಹುದು, ಕಾಯಿಲ್ ಸುಟ್ರೆ ಆಮೇಲೆ ಬ್ರೇಕೇ ಇಲ್ಲ. ಕಿಟಕಿಯಿಂದ ಬೇವಿನ ಮರ ಕಾಣ್ತಿತ್ತು, ಗಾಳಿ ಯಾವಾಗ ಇಳಿಯತ್ತೆ ಅಂತ ಅದರ ಟೊಂಗೆನೇ ನೋಡ್ತಾ ನಿಂತೆ. ಹುಡುಗ ಕೂಗ್ತಾನೇ ಇದಾನೆ. ಎಷ್ಟು ಹೊತ್ತು ಅಂತ ಹೇಳೋಕಾಗಲ್ಲ, ಅಂಗೈ ಬೆವತು ಸ್ವಿಚ್ಚಿನ ಹಿಡಿ ಜಾರ್ತಿತ್ತು. ಟೊಂಗೆ ಇಳೀತು, ಮೇಲಿನ ಸದ್ದೂ ಅರ್ಧ ಇಳೀತು, ಆಗ ಎಳೆದೆ. ಮಷಿನ್ ಒಂದ್ಸಲ ನರಳಿ ನಿಧಾನ ಆಗ್ತಾ ಆಗ್ತಾ ಬಂತು, ಆಮೇಲೆ ಬ್ಲೇಡ್ ಒಂದೊಂದೇ ಎಣಿಸಬಹುದಿತ್ತು.

ಸ್ಟೇಟರ್ ಉಳೀತು. ಬ್ಯಾಟರಿ ಚಾರ್ಜ್ ನೋಡ್ಕೊಳ್ಳೋ ಕಂಟ್ರೋಲರ್ ಹೋಯ್ತು, ಮುಚ್ಚಳ ತೆಗೆದ್ರೆ 63 ವೋಲ್ಟಿನ ಕೆಪಾಸಿಟರ್ ತಲೆ ಬಿರಿದು ಒಳಗಿಂದು ಹೊರಗೆ ಬಂದಿತ್ತು. ಹೆಚ್ಚಾದ ಕರೆಂಟನ್ನ ಬಿಸಿ ಮಾಡಿ ಕಳೆಯೋ ಡಂಪ್ ಲೋಡ್ ಇತ್ತಲ್ಲ ಅಂತೀರಾ? ಆ ಡಂಪ್ ಕಂಟ್ರೋಲರ್ ಬದುಕೋದೇ ಬ್ಯಾಟರಿ ಮೇಲೆ, ಬ್ಯಾಟರಿ ಇಲ್ದೆ 24 ವೋಲ್ಟ್ ಮಷಿನ್ ಆ ಸ್ಪೀಡಲ್ಲಿ ಕೊಡೋ ವೋಲ್ಟೇಜ್ ತಡಿಯೋ ತಾಕತ್ತು ಅದಕ್ಕಿಲ್ಲ.

ಆಮೇಲೆ ಆಫೀಸಿನ ಮೀಟಿಂಗಲ್ಲಿ ಎಲ್ಲಾ ತಪ್ಪನ್ನೂ ಬ್ಯಾಟರಿ ಹುಡುಗನ ತಲೆಗೆ ಕಟ್ಟೋಕೆ ನೋಡಿದ್ರು, ನಾನು ಒಪ್ಲಿಲ್ಲ, ಈಗ್ಲೂ ಒಪ್ಪಲ್ಲ. ಮನೆಯವರಿಗೆ ಗೊತ್ತಿಲ್ಲದ ಕಡೆ ಸ್ವಿಚ್ ಇಟ್ಟೋರು ನಾವು. ಬ್ಯಾಟರಿ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆದು ಅಂಟಿಸ್ಲಿಲ್ಲ. ಹ್ಯಾಂಡೋವರ್ ದಿನ ಗೌಡ್ರ ಸಹಿ ತಗೊಂಡ್ವಿ, ಆದ್ರೆ ದಿನಾ ಮನೇಲಿರೋರು ಅವ್ವಾರು, ಅವರ ಕೈಲಿ ಒಂದ್ಸಲನೂ ಸ್ವಿಚ್ ಎಳೆಸಿರ್ಲಿಲ್ಲ.

ಈಗ ನನ್ನ ಸೈಟಲ್ಲಿ ಮನೆ ಹೊರಗೆ, ಟವರಿನ ಗೈ ವೈರ್ ಸುತ್ತಳತೆಯಿಂದ ಆಚೆಗೆ, ಮಳೆ ಬೀಳದ ಬಾಕ್ಸಲ್ಲಿ ಒಂದು ಸ್ವಿಚ್, ಮನೆ ಒಳಗೆ ಇನ್ನೊಂದು. ಟರ್ಬೈನ್ ಮತ್ತೆ ಬ್ಯಾಟರಿ ನಡುವೆ ಎಂಸಿಬಿ (ಕರೆಂಟ್ ಕಡಿಯೋ ಸ್ವಿಚ್) ಹಾಕಿ ಅದನ್ನ ಆಫ್ ಮಾಡಿ ಕೆಲಸ ಮಾಡ್ತೀನಿ ಅನ್ನೋ ಹುಡುಗರಿಗೂ ಅದೇ ಹೇಳ್ತೀನಿ, ಎಂಸಿಬಿ ಆಫ್ ಮಾಡಿದ್ರೂ ಲೋಡ್ ಹೋದಂಗೇ, ಮೊದಲು ಬ್ರೇಕ್, ಬ್ಲೇಡ್ ನಿಂತಿದ್ದು ಕಣ್ಣಲ್ಲಿ ನೋಡಿದ ಮೇಲೆ ಮಿಕ್ಕಿದ್ದು. ಹೊರಗಿನ ಬಾಕ್ಸಿನ ಬಿಲ್ಲಿಗೆ ಆಫೀಸಲ್ಲಿ ಇನ್ನೂ ತಕರಾರು ನಡೀತಾನೇ ಇದೆ, ಡ್ರಾಯಿಂಗೂ ಬದಲಾಗಿಲ್ಲ. ಬದಲಾಗೋ ತನಕ ಹಳೇ ಡ್ರಾಯಿಂಗಿನ ಯಾವ ಸೈಟಿಗೂ ನಾನು ಹ್ಯಾಂಡೋವರ್ ಸಹಿ ಹಾಕಲ್ಲ ಅಂತ ಬರೆದು ಕೊಟ್ಟಿದೀನಿ.