78.4ರ ಜೊತೆ 23 ದಿನ

ಬೆಳಿಗ್ಗೆ ಆರು ಗಂಟೆಗೆ ತೂಕದ ಮೆಷಿನ್ ಮುಂದೆ ನಾನು ಮಾಡುತ್ತಿದ್ದ ಕಸರತ್ತನ್ನು ಯಾರಾದರೂ ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಮೊದಲು ಸುಮ್ಮನೆ ಹತ್ತುವುದು. 78.4. ಇಳಿಯುವುದು. ವಾಚ್ ಬಿಚ್ಚಿಟ್ಟು ಮತ್ತೆ ಹತ್ತುವುದು. 78.4. ಕನ್ನಡಕವನ್ನೂ ತೆಗೆದಿಟ್ಟು ಹತ್ತುವುದು. ಆಗ ಅಂಕಿಯೇ ಕಾಣುವುದಿಲ್ಲ, ಬಗ್ಗಿ ನೋಡಬೇಕು. ಬಗ್ಗಿದರೆ ಅಂಕಿ ಕುಣಿಯುತ್ತದೆ. ಒಂದು ಕ್ಷಣ 77.9 ಅಂತ ತೋರಿಸಿ ಆಸೆ ಹುಟ್ಟಿಸಿ, ನೆಟ್ಟಗೆ ನಿಂತ ಕೂಡಲೇ ಮತ್ತೆ ಅದೇ 78.4.

ಒಂದು ದಿನ ಮೆಷಿನ್ನನ್ನೇ ಎತ್ತಿ ಪಕ್ಕದ ಟೈಲ್ಸ್ ಮೇಲಿಟ್ಟೆ. 78.6 ತೋರಿಸಿತು. ವಾಪಸ್ ಹಳೇ ಜಾಗಕ್ಕೇ ತಂದಿಟ್ಟೆ.

ಆಫೀಸಿನ ಹದಿನಾಲ್ಕು ಜನ ಸೇರಿ 12 ವಾರದ ಫಿಟ್ನೆಸ್ ಚಾಲೆಂಜ್ ಅಂತ ಶುರು ಮಾಡಿದ್ದೆವು. ಒಟ್ಟು 84 ದಿನ. ಮೊದಲ ದಿನ ನನ್ನ ತೂಕ 81.2 ಕಿಲೋ. ಹದಿನಾರನೇ ದಿನಕ್ಕೆ 78.4. ಎರಡು ವಾರ ಚಿಲ್ಲರೆಯಲ್ಲಿ 2.8 ಕಿಲೋ! ಹೀಗೇ ಹೋದರೆ ಕೊನೆಯ ದಿನಕ್ಕೆ ಎಷ್ಟಾಗುತ್ತೆ ಅಂತ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿಯೂ ಬಿಟ್ಟೆ. ಆ ಹಾಳೆಯನ್ನು ಆಮೇಲೆ ಹರಿದು ಹಾಕಿದೆ. ಯಾಕೆಂದರೆ ಅಲ್ಲಿಂದ ಮುಂದಿನ 23 ದಿನ ಗುಲಗಂಜಿಯಷ್ಟೂ ಇಳಿಯಲಿಲ್ಲ. ಒಂದು ದಿನ 78.1, ಇನ್ನೊಂದು ದಿನ 78.9, ತಿರುಗಿ ನೋಡಿದರೆ 78.4. ಮನೆಗೆ ಬಂದ ನೆಂಟರ ಹಾಗೆ ಕಾಲು ಚಾಚಿ ಕೂತುಬಿಟ್ಟಿತ್ತು.

ಇನ್ನೊಂದು ಕಡೆ ಗ್ರೂಪಿನಲ್ಲಿ ದಿನಾ ಫೋಟೋ. ಇವರದ್ದು ಮೂರು ಕಿಲೋ, ಅವರದ್ದು ಐದು ಕಿಲೋ. 110 ಕಿಲೋದಿಂದ ಶುರು ಮಾಡಿದ ಒಬ್ಬರು ಮೊದಲ ತಿಂಗಳಲ್ಲೇ ಆರು ಕಿಲೋ ಇಳಿಸಿದರು. ದೊಡ್ಡ ದೇಹಕ್ಕೆ ದಿನದ ಖರ್ಚೂ ಜಾಸ್ತಿ, ಅದಕ್ಕೆ ಮೊದಮೊದಲು ಬೇಗ ಇಳಿಯುತ್ತೆ ಅನ್ನುವುದು ತಲೆಗೆ ಗೊತ್ತು. ಹೊಟ್ಟೆಕಿಚ್ಚಿಗೆ ಎಲ್ಲಿ ಗೊತ್ತಾಗಬೇಕು? ಚಪ್ಪಾಳೆಯ ಚಿತ್ರ ಒತ್ತಿ ಗ್ರೂಪನ್ನು ಮ್ಯೂಟ್ ಮಾಡಿದೆ.

27ನೇ ದಿನ ಕೈಚೆಲ್ಲಿದೆ. ಅಳಲಿಲ್ಲ, ಕೂಗಾಡಲಿಲ್ಲ. ಅಲಾರಂ ಹೊಡೆಯಿತು, ಆಫ್ ಮಾಡಿ ಮಗ್ಗುಲು ಬದಲಿಸಿದೆ. ಮಾರನೇ ದಿನವೂ ಅಷ್ಟೇ. ಮೂರನೇ ದಿನ ಮಗಳು ಬಾಗಿಲಲ್ಲಿ ನಿಂತು, "ಅಮ್ಮಾ, ಚಾಲೆಂಜ್ ಮುಗೀತಾ?" ಅಂತ ಕೇಳಿದಳು. ಕುಟುಕಿದ್ದಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು. ಅದಕ್ಕೇ ಜಾಸ್ತಿ ಚುಚ್ಚಿತು.

ನಾನು ಲೆಕ್ಕಪತ್ರ ನೋಡುವವಳು. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಯಾರಾದರೂ ಬಂದು "ಬ್ಯಾಂಕಿನಲ್ಲಿ ಇಷ್ಟೇ ದುಡ್ಡಿದೆ, ವ್ಯಾಪಾರ ನಷ್ಟದಲ್ಲಿದೆ" ಅಂದರೆ ನನಗೆ ನಗು ಬರುತ್ತೆ. ಖಾತೆಯಲ್ಲಿ ಉಳಿದಿರುವ ಬಾಕಿ ನೋಡಿ ಲಾಭ-ನಷ್ಟ ಹೇಳಲು ಬರುವುದಿಲ್ಲ. ಬರಬೇಕಾದ್ದು ಬಂದಿರುವುದಿಲ್ಲ, ಕೊಡಬೇಕಾದ್ದು ಕೊಟ್ಟಿರುವುದಿಲ್ಲ, ಇನ್ನೊಬ್ಬರ ದುಡ್ಡು ಎರಡು ದಿನ ನಮ್ಮ ಖಾತೆಯಲ್ಲಿ ಮಲಗಿರುತ್ತೆ. ಇಷ್ಟೆಲ್ಲ ಊರಿಗೆಲ್ಲ ಪಾಠ ಹೇಳುವ ನಾನು, ನನ್ನ ಮೈಯ ವಿಷಯದಲ್ಲಿ ಮಾತ್ರ ದಿನಾ ಬೆಳಿಗ್ಗೆ ಬಾಕಿ ಒಂದನ್ನೇ ನೋಡಿ ದಿವಾಳಿ ಅಂತ ಘೋಷಿಸುತ್ತಿದ್ದೆ.

ಮೂವತ್ತನೇ ದಿನ ಒಂದು ಸಣ್ಣ ಪರೀಕ್ಷೆ ಮಾಡಿದೆ. ಮೆಷಿನ್ ಹತ್ತಿದೆ: 78.4. ಇಳಿದು, ಅರ್ಧ ಲೀಟರ್ ಬಾಟಲಿಯ ನೀರನ್ನು ಅಲ್ಲೇ ನಿಂತು ಗಟಗಟ ಕುಡಿದೆ. ಮತ್ತೆ ಹತ್ತಿದೆ: 78.9. ಇದರಲ್ಲಿ ಆಶ್ಚರ್ಯ ಏನೂ ಇಲ್ಲ, ಒಂದು ಲೀಟರ್ ನೀರು ಅಂದರೆ ಒಂದು ಕಿಲೋ ಅನ್ನುವುದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ಖಾಲಿ ಬಾಟಲಿ ಕೈಯಲ್ಲಿ ಹಿಡಿದು ಆ ಅಂಕಿ ನೋಡಿದಾಗ ಏನೋ ಒಂಥರಾ ಆಯಿತು. ಎರಡು ನಿಮಿಷದ ಹಿಂದಿನ ನಾನೇ ಈಗಲೂ ನಿಂತಿದ್ದೇನೆ. ದಪ್ಪ ಆಗಿಲ್ಲ, ತಪ್ಪು ಮಾಡಿಲ್ಲ. ಮೆಷಿನ್ ಪ್ರಕಾರ ಮಾತ್ರ ಅರ್ಧ ಕಿಲೋ ಜಾಸ್ತಿ.

ಆಮೇಲೆ ಪೆನ್ನು ಹಿಡಿದು ಕೂತೆ. (23 ದಿನ ಆಗ ಇನ್ನೂ ಮುಗಿದಿರಲಿಲ್ಲ. ಇಲ್ಲಿ ಬರೆಯುತ್ತಿರುವುದು ಪೂರ್ತಿ 23 ದಿನದ ಲೆಕ್ಕ.)

ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತೆ ಅನ್ನುವುದು ಬಳಕೆಯಲ್ಲಿರುವ ಲೆಕ್ಕ. ನಾನು ದಿನಕ್ಕೆ 300 ಕ್ಯಾಲೊರಿ ಕಡಿಮೆ ತಿನ್ನುತ್ತಿದ್ದೇನೆ ಅಂದುಕೊಂಡಿದ್ದೆ. 23 ದಿನಕ್ಕೆ 6,900. ಅಂದರೆ ಎಲ್ಲವೂ ಅಂದುಕೊಂಡ ಹಾಗೇ ನಡೆದಿದ್ದರೂ ಒಂದು ಕಿಲೋ ಕೂಡ ಇಳಿಯುತ್ತಿರಲಿಲ್ಲ. ಇಷ್ಟು ಲೆಕ್ಕ ಮೊದಲೇ ಮಾಡಿದ್ದರೆ ಕನ್ನಡಕ ತೆಗೆದಿಡುವ ಕೆಲಸ ಉಳಿಯುತ್ತಿತ್ತು.

ಮತ್ತೆ ಆ ಮೊದಲ 2.8 ಕಿಲೋ? ಅದರಲ್ಲಿ ದೊಡ್ಡ ಪಾಲು ನೀರು. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ಕೈಗಂಟು ಇರುತ್ತೆ, ದೊಡ್ಡವರಲ್ಲಿ ಸುಮಾರು 400-500 ಗ್ರಾಂ. ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತೆ. ಊಟ ಕಡಿಮೆ ಮಾಡಿ ವ್ಯಾಯಾಮ ಹೆಚ್ಚು ಮಾಡಿದಾಗ ಮೊದಲು ಕರಗುವುದು ಈ ಗಂಟು. ಅದರ ಜೊತೆ ನೀರೂ ಹೋಗುತ್ತೆ. ನಾನು ಅದನ್ನೇ ಕೊಬ್ಬು ಅಂತ ತಿಳಿದು ಬೀಗಿದ್ದೆ. ಆವತ್ತು ನೀರಿಗೆ ಹಿಗ್ಗಿದವಳು, ಈಗ ನೀರಿಗೇ ಕುಗ್ಗಿದ್ದೆ.

ಹದಿನೇಳನೇ ದಿನದಿಂದ ಟ್ರೇನರ್ ಹೊಸದಾಗಿ ತೂಕ ಎತ್ತಿಸಲು ಶುರು ಮಾಡಿದ್ದರು. ಸ್ಕ್ವಾಟ್ ಮಾಡಿದ ಮಾರನೇ ದಿನ ಕುರ್ಚಿಯಿಂದ ಏಳುವಾಗ ಮೇಜು ಹಿಡಿದುಕೊಳ್ಳಬೇಕಿತ್ತು. ಹೀಗೆ ಅಭ್ಯಾಸವಿಲ್ಲದ ಕೆಲಸ ಮಾಡಿ ಸ್ನಾಯು ನೊಂದಾಗ, ರಿಪೇರಿ ನಡೆಯುವ ಜಾಗದಲ್ಲಿ ನೀರು ಸೇರಿಕೊಳ್ಳುತ್ತೆ. ಉಪ್ಪು ಜಾಸ್ತಿ ಆದ ದಿನವೂ ಅಷ್ಟೇ. ಇನ್ನು ಮುಟ್ಟಿನ ಹಿಂದಿನ ವಾರ ಅನೇಕ ಹೆಂಗಸರಿಗೆ ಮೈಯಲ್ಲಿ ನೀರು ನಿಲ್ಲುವುದು ಹೊಸ ವಿಷಯವೇನಲ್ಲ. ಕಾಲುಂಗುರ, ಚಪ್ಪಲಿ ಎಲ್ಲ ಬಿಗಿಯಾಗುವುದು ನಮಗೆ ಗೊತ್ತೇ ಇದೆ. ಆದರೂ ನಮ್ಮ ಚಾಲೆಂಜಿನ ನಿಯಮದಲ್ಲಿ ಎಲ್ಲರದ್ದೂ ವಾರಕ್ಕೊಮ್ಮೆ ಒಂದೇ ದಿನ ತೂಕ ನೋಡುವುದು. ಆ ನಿಯಮ ಮಾಡಿದವರಲ್ಲಿ ಹೆಂಗಸರು ಯಾರೂ ಇರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಆದರೆ ಎಲ್ಲ ತಪ್ಪನ್ನೂ ನೀರಿನ ತಲೆಗೆ ಕಟ್ಟಿದರೆ ನಾನು ಲೆಕ್ಕದವಳೇ ಅಲ್ಲ. ತಾಳೆ ಆಗದಿದ್ದಾಗ ಬರೆಯದೆ ಬಿಟ್ಟ ಖರ್ಚನ್ನೂ ಹುಡುಕಬೇಕು. ಒಂದು ವಾರ ಎಣ್ಣೆಯನ್ನು ಅಳೆದು ಬಳಸಿದೆ. ನನ್ನ ಪಾಲಿಗೆ ದಿನಕ್ಕೆ ಒಂದು ದೊಡ್ಡ ಚಮಚ ಅಂತ ಬರೆದುಕೊಳ್ಳುತ್ತಿದ್ದೆ. ಅಳೆದಾಗ ಹೆಚ್ಚುಕಮ್ಮಿ ಎರಡು. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ. ಕಡಿಮೆ ತಿಂದೆ ಅಂದುಕೊಂಡಿದ್ದ 300ರಲ್ಲಿ 120 ಅಲ್ಲೇ ಹೋಯಿತು. ಉಳಿದದ್ದು 180. (ಮಗಳ ತಟ್ಟೆಯಲ್ಲಿ ಉಳಿದದ್ದನ್ನು ಸುಮ್ನೆ ಬಾಯಿಗೆ ಹಾಕಿಕೊಳ್ಳುವುದನ್ನು ಇಲ್ಲಿ ಸೇರಿಸಿಲ್ಲ. ಅದನ್ನು ಅಳೆಯುವ ಧೈರ್ಯ ಆಗಲಿಲ್ಲ.)

180ರಂತೆ 23 ದಿನಕ್ಕೆ 4,140 ಕ್ಯಾಲೊರಿ. ಕೊಬ್ಬಿನ ಲೆಕ್ಕದಲ್ಲಿ ಸುಮಾರು 540 ಗ್ರಾಂ.

ಅರ್ಧ ಲೀಟರ್ ಬಾಟಲಿ ಇನ್ನೂ ಮೇಜಿನ ಮೇಲೇ ಇತ್ತು.

ಅಂದರೆ ಆ 23 ದಿನದಲ್ಲಿ ಬೆವರು ಹರಿಸಿ ನಾನು ನಿಜವಾಗಿ ಕಳೆದುಕೊಂಡಿರಬಹುದಾದ ಕೊಬ್ಬು, ನಾನು ಒಂದೇ ಉಸಿರಿಗೆ ಕುಡಿದ ನೀರಿನಷ್ಟೇ ತೂಕ. ಮೆಷಿನ್ನಿಗೆ ಎರಡರ ನಡುವೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪಾಪ, ಅದರ ತಪ್ಪಲ್ಲ. ಅದು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಡುತ್ತಿತ್ತು. ಪ್ರಶ್ನೆ ಕೇಳುವವಳು ನಾನು, "ಮೈ ಒಟ್ಟು ಎಷ್ಟಿದೆ?" ಅಂತ ಕೇಳಿ, ಬಂದ ಉತ್ತರವನ್ನು "ನಿನ್ನೆ ನೀನು ಮಾಡಿದ್ದು ದಂಡ" ಅಂತ ಓದಿಕೊಳ್ಳುತ್ತಿದ್ದೆ.

ಹಾಗಂತ ಮೆಷಿನ್ನನ್ನು ಮಂಚದ ಕೆಳಗೆ ತಳ್ಳಲಿಲ್ಲ. ಎಷ್ಟೋ ಜನ ಹಾಗೆ ಮಾಡಿ ಅಂತಾರೆ. ಕೆಲವರಿಗೆ ಅದೇ ಸರಿ, ಅಂಕಿ ನೋಡಿ ಊಟವನ್ನೇ ಬಿಡುವಂಥವರಿಗೆ ಖಂಡಿತ ಸರಿ. ನನಗೆ ಕಾಣದ ಲೆಕ್ಕ ಇನ್ನೂ ಜಾಸ್ತಿ ಕಾಡುತ್ತೆ. ಅದಕ್ಕೆ ದಿನಾ ನೋಡುತ್ತೇನೆ, ಬರೆಯುತ್ತೇನೆ, ಆದರೆ ಏಳು ದಿನದ ಸರಾಸರಿಯನ್ನು ಮಾತ್ರ ನಂಬುತ್ತೇನೆ. ಈ ವಾರದ ಸರಾಸರಿಯನ್ನು ನಾಲ್ಕು ವಾರದ ಹಿಂದಿನದರ ಜೊತೆ ಹೋಲಿಸುತ್ತೇನೆ. ಅಂದರೆ ಒಂದು ಮುಟ್ಟಿನ ಸುತ್ತು ಪೂರ್ತಿ ಕಳೆದ ಮೇಲೆ. ಅದೂ ಅಲ್ಲಾಡದಿದ್ದರೆ ಎಣ್ಣೆ ಚಮಚದಂಥದ್ದು ಇನ್ನೇನೋ ಇದೆ ಅಂತ ಅರ್ಥ. ಜೊತೆಗೆ ವಿಪರೀತ ಸುಸ್ತು, ಕೂದಲು ಉದುರುವುದು ಇಂಥದ್ದೂ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಇದನ್ನೆಲ್ಲ ಹುಡುಕಿ ಓದುವಾಗ ನನಗಿಂತ ದೊಡ್ಡ ಹುಚ್ಚರೊಬ್ಬರು ಸಿಕ್ಕರು. ಸ್ಯಾಂಟೋರಿಯೊ ಅಂತ, ಇಟಲಿಯ ಪಡುವಾದಲ್ಲಿ ಪಾಠ ಹೇಳುತ್ತಿದ್ದ ವೈದ್ಯ. ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕೂತು, ಸುಮಾರು ಮೂವತ್ತು ವರ್ಷ ತನ್ನ ತೂಕ, ತಿಂದ ಊಟದ ತೂಕ, ಮೈಯಿಂದ ಹೊರಹೋದದ್ದರ ತೂಕ ಎಲ್ಲ ಬರೆದಿಟ್ಟ. 1614ರಲ್ಲಿ ಪುಸ್ತಕವನ್ನೂ ಪ್ರಕಟಿಸಿದ. ತಿಂದದ್ದಕ್ಕೂ ವಿಸರ್ಜಿಸಿದ್ದಕ್ಕೂ ತಾಳೆಯೇ ಆಗುತ್ತಿರಲಿಲ್ಲವಂತೆ. ಬಹಳಷ್ಟು ತೂಕ ಕಣ್ಣಿಗೆ ಕಾಣದೆ ಎಲ್ಲಿಗೋ ಹೋಗುತ್ತಿತ್ತು. ಕಾಣದ ಬೆವರು ಅಂದ. ಹಾಗೆ ಹೋಗುವುದರಲ್ಲಿ ಉಸಿರಿನದ್ದೂ ಪಾಲಿದೆ. ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತೆ ಅಂತ 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಲೆಕ್ಕ ಕೊಟ್ಟಿದ್ದಾರೆ: 10 ಕಿಲೋ ಕೊಬ್ಬು ಕರಗಿದರೆ 8.4 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತೆ, ಉಳಿದ 1.6 ಕಿಲೋ ನೀರಾಗುತ್ತೆ. ಇದು ಓದಿದ ದಿನದಿಂದ ಮೆಟ್ಟಿಲು ಹತ್ತಿ ಏದುಸಿರು ಬಿಡುವಾಗ ನನಗೆ ನಾಚಿಕೆ ಆಗುವುದಿಲ್ಲ. ಹೋಗಲಿ ಬಿಡು, ಹೋಗುವ ದಾರಿಯೇ ಅದು ಅನ್ನಿಸುತ್ತೆ.

ಲೆಕ್ಕ ಅರ್ಥ ಆಯಿತು ಸರಿ, ಆದರೆ ಬೆಳಿಗ್ಗೆ ಆರಕ್ಕೆ ಹಾಸಿಗೆಯಿಂದ ಎಬ್ಬಿಸುವುದು ಲೆಕ್ಕ ಅಲ್ಲ. ಅದಕ್ಕೆ ಒಂದು ಹಳೇ ನೋಟ್‌ಬುಕ್ ತೆಗೆದೆ. ಎಡಪುಟದ ಮೇಲೆ "ಮಾಡಿದ್ದು", ಬಲಪುಟದ ಮೇಲೆ "ಬಂದದ್ದು" ಅಂತ ಬರೆದೆ. ಬಲಪುಟದಲ್ಲಿ ತೂಕ, ಹದಿನೈದು ದಿನಕ್ಕೊಮ್ಮೆ ಸೊಂಟದ ಅಳತೆ. ಎಡಪುಟದಲ್ಲಿ ನಡೆದ ನಿಮಿಷ, ಎತ್ತಿದ ತೂಕ, ಮಲಗಿದ ಹೊತ್ತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ನಡಿಗೆಯಂಥ ಚಟುವಟಿಕೆ, ಎರಡು ದಿನ ಸ್ನಾಯುಗಳಿಗೆ ಕೆಲಸ ಅಂತ ಹೇಳುತ್ತೆ. ಅದನ್ನೇ ಗುರಿ ಮಾಡಿಕೊಂಡೆ. ಬಲಪುಟ ನನ್ನ ಕೈಯಲ್ಲಿಲ್ಲ. ಎಡಪುಟಕ್ಕೆ ಮಾತ್ರ ನಾನು ಜವಾಬ್ದಾರಳು. ಮನಸ್ಸಿಲ್ಲದ ದಿನ ಹತ್ತು ನಿಮಿಷ ನಡೆದರೂ ಎಡಪುಟ ತುಂಬುತ್ತೆ. ಆ ಹತ್ತು ನಿಮಿಷದ ದಿನಗಳು ಈಗ ನೋಡಿದರೆ ಒಂಬತ್ತು ಇವೆ. ಅವು ಇಲ್ಲದಿದ್ದರೆ 27ನೇ ದಿನದ ಹಾಗೆ ಇನ್ನೆಷ್ಟು ಸಲ ಮಗ್ಗುಲು ಬದಲಿಸುತ್ತಿದ್ದೆನೋ.

ಎಡಪುಟದಲ್ಲೇ ಇನ್ನೊಂದು ತಮಾಷೆ ಸಿಕ್ಕಿತು. ಮೊದಲ ದಿನ 30 ಸೆಕೆಂಡಿನಲ್ಲಿ ಕೈ ಊರದೆ ಕುರ್ಚಿಯಿಂದ ಎದ್ದು ಕೂತದ್ದು 11 ಸಲ. 35ನೇ ದಿನ 16. ಅದೇ ಕುರ್ಚಿ, ಅದೇ 78.4. ಸೊಂಟ 96 ಸೆಂಟಿಮೀಟರ್ ಇದ್ದದ್ದು 93 ಆಗಿತ್ತು. ಟೇಪನ್ನು ಎಳೆದು ಹಿಡಿದಿದ್ದೀಯಾ ಅಂತ ಗಂಡನಿಗೆ ಎರಡು ಸಲ ಕೇಳಿದೆ. "ನಾನ್ಯಾಕೆ ಎಳೀಲಿ? ನೀನೇ ಉಸಿರು ಬಿಗಿ ಹಿಡಿದಿದ್ದೀಯ" ಅಂದರು. ಉಸಿರು ಬಿಟ್ಟು ಮತ್ತೆ ಅಳೆಸಿದೆ. 93.5. ಅದನ್ನೇ ಬರೆದುಕೊಂಡೆ.

ನಲವತ್ತನೇ ದಿನ ಬೆಳಿಗ್ಗೆ 77.1 ಬಂತು. ಮುಟ್ಟು ಶುರುವಾಗಿ ಎರಡು ದಿನ ಆಗಿತ್ತು. ಒಂದೇ ಸಲಕ್ಕೆ 1.3 ಕಿಲೋ! ಕುಣಿಯಬೇಕಿತ್ತು. ಆದರೆ ನನಗೆ ಬಂದದ್ದು ಅನುಮಾನ. ಯಾರೋ ಗೊತ್ತಿಲ್ಲದವರು ಖಾತೆಗೆ ದುಡ್ಡು ಹಾಕಿದರೆ ಬರುವಂಥ ಅನುಮಾನ. ಮಾರನೇ ದಿನ 77.8 ಆಯಿತು, ಸಮಾಧಾನ ಆಯಿತು. ನಂಬುವ ಅಂಕಿ ಅದು.

ಇವತ್ತು 61ನೇ ದಿನ. ಬಲಪುಟದಲ್ಲಿ 77.3 ಅಂತ ಬರೆದಾಗಿದೆ. ಹೊರಗೆ ಮಳೆ ಹಿಡಿದುಕೊಂಡಿದೆ, ಶೂ ನಿನ್ನೆಯದ್ದೇ ಇನ್ನೂ ಒದ್ದೆ. ಎಡಪುಟ ಖಾಲಿ. ಮೆಟ್ಟಿಲಾದರೂ ಹತ್ತಿ ಬರುತ್ತೇನೆ.