ಮೊಸಳೆ ಮೊಟ್ಟೆ ಮಗುಚಬಾರದು

ಕಾಸರಗೋಡಿನ ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ, 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಬಬಿಯಾ ನಮ್ಮ ಸಿಹಿನೀರಿನ ಮೊಸಳೆ, ಅಲಿಗೇಟರ್ ಅಲ್ಲ. ಎರಡಕ್ಕೂ ಮೂತಿ ಅಗಲವಾದ್ದರಿಂದ ಫೋಟೊದಲ್ಲಿ ಗೊಂದಲವಾಗುತ್ತದೆ. ಬಾಯಿ ಮುಚ್ಚಿದಾಗ ಕೆಳದವಡೆಯ ನಾಲ್ಕನೇ ಹಲ್ಲು ಹೊರಗೆ ಕಂಡರೆ ಮೊಸಳೆ, ಕಾಣದಿದ್ದರೆ ಅಲಿಗೇಟರ್.

ಚರ್ಮದ ಬೇಟೆಯಿಂದ ಸೊರಗಿ 1967ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದ ಅಮೆರಿಕದ ಅಲಿಗೇಟರ್, 1987ರ ಹೊತ್ತಿಗೆ ಚೇತರಿಸಿಕೊಂಡಿತ್ತು. ಬೇಟೆ ನಿಷೇಧದಿಂದ ಅದು ಉಳಿಯಿತು. ಅದರ ಜೌಗು ನೆಲ ಉಳಿಯಲು ಲೂಸಿಯಾನದಲ್ಲಿ ಇನ್ನೊಂದು ದಾರಿ ಹುಡುಕಿದರು. ಅಲ್ಲಿ ಜೌಗು ಹೆಚ್ಚಾಗಿ ಖಾಸಗಿಯವರದ್ದು. ಪರವಾನಗಿ ಪಡೆದು ಗೂಡಿನಿಂದ ಮೊಟ್ಟೆ ತೆಗೆದು ಸಾಕುತ್ತಾರೆ, ಸುಮಾರು ನಾಲ್ಕು ಅಡಿ ಬೆಳೆದ ಮೇಲೆ ಒಂದು ಪಾಲನ್ನು ಮತ್ತೆ ಜೌಗಿಗೆ ಬಿಡುತ್ತಾರೆ. ಆ ಗಾತ್ರಕ್ಕೆ ಬಂದುದನ್ನು ಬಕ, ದೊಡ್ಡ ಮೀನುಗಳು ತಿನ್ನಲಾರವು. ಮೊಟ್ಟೆಗೆ ದುಡ್ಡು ಸಿಗುವುದರಿಂದ ಜಾಗದವರು ನೀರು ಬತ್ತಿಸಿ ನೆಲ ಮಾರಲು ಅವಸರಿಸುವುದಿಲ್ಲ. ನನಗೆ ಇದು ಬುದ್ಧಿವಂತ ಏರ್ಪಾಡು ಅನಿಸುತ್ತದೆ.

ಕೈತಪ್ಪುವುದು ಮೊಟ್ಟೆ ಎತ್ತುವಾಗಲೇ. ಕೋಳಿ ಮೊಟ್ಟೆಯನ್ನು ಕಾವಿನಲ್ಲಿ ದಿನಾ ಮಗುಚುತ್ತೇವಲ್ಲ, ಇಲ್ಲಿ ಮಗುಚಿದರೆ ಸಾವು. ಮೊಟ್ಟೆ ಇಟ್ಟ ಸುಮಾರು ಒಂದು ದಿನದೊಳಗೆ ಭ್ರೂಣ ಮೇಲ್ಗಡೆಯ ಒಳಪೊರೆಗೆ ಅಂಟಿಕೊಳ್ಳುತ್ತದೆ, ತಲೆಕೆಳಗಾದರೆ ಕಿತ್ತುಬರುತ್ತದೆ. ಹಾಗಾಗಿ ಗೂಡಿನಲ್ಲಿರುವಾಗಲೇ ಪ್ರತಿ ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಗುರುತು ಮೇಲಿರುವಂತೆಯೇ ಗೂಡಿನ ಕಸಕಡ್ಡಿಯ ಮೇಲೆ ಇಟ್ಟು ಸಾಗಿಸಬೇಕು. ಚಿಪ್ಪಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಪಟ್ಟಿ ಮೂಡಿದ್ದರೆ ಒಳಗೆ ಜೀವ ಇದೆ. ಕಾವು 30 ಡಿಗ್ರಿ ಸೆಲ್ಸಿಯಸ್ ಆದರೆ ಹೆಣ್ಣು, 33ರ ಆಸುಪಾಸು ಹೆಚ್ಚಾಗಿ ಗಂಡು. ಥರ್ಮಾಮೀಟರ್ ಕೆಟ್ಟರೆ ಇಡೀ ತಂಡ ಒಂದೇ ಲಿಂಗದ್ದಾದೀತು.

ಅಲಿಗೇಟರ್ ಕೊಳೆಯುವ ಸೊಪ್ಪಿನ ಗುಡ್ಡೆಯ ಬಿಸಿಯನ್ನು ನಂಬಿದರೆ, ನಮ್ಮ ಮೊಸಳೆ ನಂಬುವುದು ಬಿಸಿಲಿಗೆ ಕಾದ ದಡವನ್ನು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಯ್ಗೆಯಲ್ಲೋ ಮಣ್ಣಿನಲ್ಲೋ ಗುಂಡಿ ತೋಡಿ ಸುಮಾರು 25-30 ಮೊಟ್ಟೆ ಇಡುತ್ತದೆ. ಮರಿಯಾಗಲು ಎರಡು ತಿಂಗಳಾದರೂ ಬೇಕು. ತುಳುನಾಡಿನಲ್ಲಿ ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿದರೆ ಹೊಳೆ ಏರಿ ತಡವಾದ ಗೂಡು ಮುಳುಗುತ್ತದೆ. ನೀರು ಇಳಿದ ಆ ತಿಂಗಳುಗಳಲ್ಲೇ ಹೊಳೆಯ ಹೊಯ್ಗೆ ತೆಗೆಯುವವರಿಗೂ ಸುಗ್ಗಿ. ಮೊಸಳೆ ಇರುವ ಹೊಳೆಯಲ್ಲಿ ಕನಿಷ್ಠ ಆ ದಡಗಳನ್ನಾದರೂ ಜೂನ್‌ವರೆಗೆ ಬಿಡಬೇಕು. ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಇದು ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯ ಪ್ರಾಣಿ. ಅಕ್ಕಪಕ್ಕ ಗುಂಪುಗೂಡುವುದೂ ಬೇಡ. ಮರಿಗಳು ಒಳಗಿಂದ ಕೂಗಿದಾಗ ಹೊಯ್ಗೆ ಅಗೆದು ಹೊರತೆಗೆಯುವುದು ತಾಯಿಯೇ, ಜನ ನಿಂತಿದ್ದರೆ ಅವಳು ನೀರು ಬಿಟ್ಟು ಮೇಲೆ ಬರುವುದಿಲ್ಲ.